ಲಾಗ್ ಕ್ಲೀನ್, ಔಟ್‌ಪುಟ್ ಖಾಲಿ: ಗ್ರಂಥಾಲಯ ಮೆಟಾಡೇಟಾ ಪರಿವರ್ತನೆಯಲ್ಲಿ ದೋಷ ಹುಡುಕುವ ಬಗೆ

ಗ್ರಂಥಾಲಯದ ಡಿಜಿಟಲ್ ಸಂಗ್ರಹ, ಅಂದರೆ ರೆಪೊಸಿಟರಿ ನೋಡಿಕೊಳ್ಳುವವರ ಬಳಿ ಎಕ್ಸ್‌ಎಸ್‌ಎಲ್‌ಟಿ ಸ್ಟೈಲ್‌ಶೀಟ್ (ಎಕ್ಸ್‌ಎಂಎಲ್ ದಾಖಲೆಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ನಿಯಮಗಳ ಫೈಲು) ಒಂದೆರಡಾದರೂ ಇದ್ದೇ ಇರುತ್ತವೆ. ಮಾರ್ಕ್‌ಎಕ್ಸ್‌ಎಂಎಲ್‌ನಿಂದ ಮಾಡ್ಸ್‌ಗೆ ಒಂದು, ಮಾಡ್ಸ್‌ನಿಂದ ಡಬ್ಲಿನ್ ಕೋರ್‌ಗೆ ಇನ್ನೊಂದು, ಓಎಐ ಮೂಲಕ ಹೊರಗೆ ಕೊಡಲು ಮತ್ತೊಂದು. ಮಾರ್ಕ್‌ಎಕ್ಸ್‌ಎಂಎಲ್ ಅಂದರೆ ಮಾರ್ಕ್ ಎಂಬ ಕ್ಯಾಟಲಾಗ್ ದಾಖಲೆಯ ಎಕ್ಸ್‌ಎಂಎಲ್ ರೂಪ; ಮಾಡ್ಸ್, ಡಬ್ಲಿನ್ ಕೋರ್ ಅದೇ ವಿವರ ಬರೆದಿಡುವ ಬೇರೆ ರೂಪಗಳು; ಓಎಐ ಅಂದರೆ ಆ ವಿವರವನ್ನು ಬೇರೆಯವರು ಸಂಗ್ರಹಿಸಿಕೊಳ್ಳುವ ಪದ್ಧತಿ. ಬರೆದವರು ಯಾರೋ, ಈಗ ನೋಡಿಕೊಳ್ಳುವವರು ಯಾರೋ. ವರ್ಷಗಟ್ಟಲೆ ತನ್ನ ಪಾಡಿಗೆ ತಾನು ಓಡುತ್ತಿದ್ದ ಫೈಲು ಒಂದು ದಿನ ಕೈಕೊಡುತ್ತದೆ. ಲೇಖಕರ ಹೆಸರು ಬರುತ್ತಿಲ್ಲ, ಭಾಷೆ ತಪ್ಪು ಬರುತ್ತಿದೆ, ಎಲ್ಲ ರೆಕಾರ್ಡಿಗೂ ಒಂದೇ ಶೀರ್ಷಿಕೆ ಅಂತ ದೂರು ಬರುತ್ತದೆ. ಲಾಗ್ ತೆರೆದು ನೋಡಿದರೆ ಒಂದೇ ಒಂದು ಎರರ್ ಇಲ್ಲ.

ಇದು ಎಕ್ಸ್‌ಎಸ್‌ಎಲ್‌ಟಿಯ ಹುಟ್ಟುಗುಣ. ಕೇಳಿದ ಎಲಿಮೆಂಟ್ (ಟ್ಯಾಗ್ ಮತ್ತು ಅದರ ಒಳಗಿನದು) ಸಿಗದಿದ್ದರೆ ಅದು ತಕರಾರು ಮಾಡುವುದಿಲ್ಲ. ಏನೂ ಸಿಗದಿರುವುದೂ ಅದರ ಲೆಕ್ಕದಲ್ಲಿ ಸರಿಯಾದ ಉತ್ತರವೇ. ಸುಮ್ನೆ ಮುಂದೆ ಹೋಗುತ್ತದೆ. ಹಾಗಾಗಿ ಇಲ್ಲಿ ಲಾಗ್ ಜಾಲಾಡಿ ಹೆಚ್ಚು ಪ್ರಯೋಜನವಿಲ್ಲ. ಔಟ್‌ಪುಟ್ ಯಾವ ಬಗೆಯಲ್ಲಿ ಕೆಟ್ಟಿದೆ ಎಂಬುದೇ ಸುಳಿವು. ಟ್ಯಾಗ್‌ಗಳೇ ಮಾಯವಾಗಿವೆಯಾ? ಟ್ಯಾಗ್ ಇದ್ದು ಒಳಗೆ ಖಾಲಿಯಾ? ಮೊದಲನೆಯದು ಮಾತ್ರ ಬಂದು ಉಳಿದದ್ದು ಬಿಟ್ಟುಹೋಗಿದೆಯಾ? ಒಂದೊಂದಕ್ಕೂ ಕಾರಣ ಬೇರೆ.

ಮೊದಲು ಒಂದು ರೆಕಾರ್ಡನ್ನು ಹೊರಗೆ ತೆಗೆಯಿರಿ

ಸ್ಟೈಲ್‌ಶೀಟಿಗೆ ಕೈ ಹಾಕುವ ಮೊದಲು ಎರಡು ರೆಕಾರ್ಡ್ ಆರಿಸಿಕೊಳ್ಳಿ. ಒಂದು ಕೆಟ್ಟು ಬರುತ್ತಿರುವುದು, ಇನ್ನೊಂದು ಸರಿಯಾಗಿ ಬರುತ್ತಿರುವುದು. ಓಎಐ-ಪಿಎಂಎಚ್‌ನ (ಮೇಲೆ ಓಎಐ ಎಂದದ್ದು ಇದನ್ನೇ) ಗೆಟ್‌ರೆಕಾರ್ಡ್ ಕೋರಿಕೆ ಬಳಸಿ ಎರಡನ್ನೂ ಬೇರೆ ಬೇರೆ ಫೈಲಿಗೆ ಇಳಿಸಿ.

ಬ್ರೌಸರ್‌ನಿಂದ ಕಾಪಿ ಮಾಡಬೇಡಿ. ಓಎಐ ಉತ್ತರದ ತಲೆಯಲ್ಲಿ ಜನ ಓದಲಿ ಅಂತ ಒಂದು ಪ್ರದರ್ಶನದ ಸ್ಟೈಲ್‌ಶೀಟ್ ಜೋಡಿಸಿರುವ ಪದ್ಧತಿ ಡಿಸ್ಪೇಸ್‌ನಂಥ ರೆಪೊಸಿಟರಿ ತಂತ್ರಾಂಶಗಳಲ್ಲಿ ಇದೆ. ಬ್ರೌಸರ್ ಅದನ್ನು ಓಡಿಸಿ ಚಂದದ ಟೇಬಲ್ ತೋರಿಸುತ್ತದೆ. ನೀವು ನೋಡುತ್ತಿರುವುದು ಆಗ ಡೇಟಾ ಅಲ್ಲ, ಇನ್ನೊಂದು ಪರಿವರ್ತನೆಯ ಫಲ. ಕರ್ಲ್ ಕಮಾಂಡಿನಿಂದ ಇಳಿಸಿದರೆ ಇದ್ದದ್ದು ಇದ್ದ ಹಾಗೆ ಸಿಗುತ್ತದೆ.

ಇಳಿಸಿದ ಫೈಲನ್ನು ಎಕ್ಸ್‌ಎಂಎಲ್‌ಲಿಂಟ್‌ಗೆ ಕೊಟ್ಟು, ಫೈಲಿನ ರಚನೆ ನೆಟ್ಟಗಿದೆಯೇ ನೋಡಿ. ಆಮೇಲೆ ಅದೇ ಸ್ಟೈಲ್‌ಶೀಟನ್ನು ಕಮಾಂಡ್ ಲೈನಿನಲ್ಲಿ ನೀವೇ ಓಡಿಸಿ. ಕೈಯಲ್ಲಿ ಓಡಿಸಿದಾಗಲೂ ಕೆಟ್ಟು ಬಂದರೆ ತಪ್ಪು ಸ್ಟೈಲ್‌ಶೀಟಿನಲ್ಲಿದೆ, ಇಲ್ಲವೇ ಇನ್‌ಪುಟ್‌ನಲ್ಲಿದೆ. ಕೈಯಲ್ಲಿ ಸರಿ ಬಂದು ರೆಪೊಸಿಟರಿಯಲ್ಲಿ ಮಾತ್ರ ಕೆಟ್ಟಿದ್ದರೆ ಕೊನೆಯ ಭಾಗಕ್ಕೆ ಹೋಗಿ. ನಡುವಿನದು ನಿಮಗೆ ಬೇಕಾಗಿಲ್ಲ.

ಇದಕ್ಕೊಂದು ಷರತ್ತಿದೆ. ರೆಪೊಸಿಟರಿ ಬಳಸುವ ಪ್ರೊಸೆಸರ್ (ಸ್ಟೈಲ್‌ಶೀಟನ್ನು ಓಡಿಸುವ ತಂತ್ರಾಂಶ) ಮತ್ತು ನೀವು ಕೈಯಲ್ಲಿ ಓಡಿಸುವ ಪ್ರೊಸೆಸರ್ ಒಂದೇ ಆಗಿರಬೇಕು. ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಎಲ್ಲ ಕಡೆ ಸಿಗುತ್ತದೆ ನಿಜ, ಆದರೆ ಅದಕ್ಕೆ ಗೊತ್ತಿರುವುದು 1999ರ ಎಕ್ಸ್‌ಎಸ್‌ಎಲ್‌ಟಿ 1.0 ಮಾತ್ರ. 2007ರ 2.0, 2017ರ 3.0 ಬೇಕಿದ್ದರೆ ಸ್ಯಾಕ್ಸನ್ ಬೇಕು. ಒಂದೇ ಫೈಲು ಇವೆರಡರಲ್ಲಿ ಬೇರೆ ಬೇರೆ ಉತ್ತರ ಕೊಡಬಲ್ಲದು. ಅದೂ ಎರರ್ ಇಲ್ಲದೆ.

ಟ್ಯಾಗ್ ಇಲ್ಲ, ಅಕ್ಷರಗಳೆಲ್ಲ ಒಂದೇ ಮುದ್ದೆ

ಔಟ್‌ಪುಟ್ ತೆರೆದರೆ ಶೀರ್ಷಿಕೆ, ಲೇಖಕ, ಪ್ರಕಾಶಕ, ಪುಟಸಂಖ್ಯೆ ಎಲ್ಲ ಇವೆ. ಟ್ಯಾಗ್ ಮಾತ್ರ ಒಂದೂ ಇಲ್ಲ. ಎಲ್ಲ ಸೇರಿ ಒಂದು ಮುದ್ದೆ. ಇದನ್ನು ಕಂಡರೆ ಬೇರೆ ಏನೂ ಯೋಚಿಸಬೇಡಿ, ನೇಮ್‌ಸ್ಪೇಸ್ (ಟ್ಯಾಗ್ ಯಾವ ಗುಂಪಿನದು ಎಂದು ಹೇಳುವ ವಿಳಾಸ) ಹೊಂದಿಲ್ಲ.

ಹೀಗಾಗುವುದಕ್ಕೆ ಕಾರಣ ಸರಳ. ನೀವು ಬರೆದ ಟೆಂಪ್ಲೇಟ್ (ಇಂಥ ಎಲಿಮೆಂಟ್ ಸಿಕ್ಕರೆ ಹೀಗೆ ಮಾಡು ಎಂಬ ನಿಯಮ) ಯಾವುದೂ ಹೊಂದದಿದ್ದಾಗ ಎಕ್ಸ್‌ಎಸ್‌ಎಲ್‌ಟಿ ತನ್ನದೇ ಆದ ಮೂಲ ನಿಯಮ ಹಚ್ಚುತ್ತದೆ. ಆ ನಿಯಮದ ಪ್ರಕಾರ ಎಲಿಮೆಂಟ್ ಸಿಕ್ಕರೆ ಅದರ ಒಳಗೆ ಇಳಿ, ಪಠ್ಯ ಸಿಕ್ಕರೆ ಹಾಗೇ ಹೊರಗೆ ಹಾಕು. ಅಂದರೆ ಆ ಮುದ್ದೆ ನಿಮ್ಮ ಟೆಂಪ್ಲೇಟ್ ಮಾಡಿದ ಕೆಲಸವೇ ಅಲ್ಲ. ನಿಮ್ಮ ಟೆಂಪ್ಲೇಟ್ ಓಡೇ ಇಲ್ಲ.

ಮಾರ್ಕ್‌ಎಕ್ಸ್‌ಎಂಎಲ್ ಫೈಲಿನ ಮೊದಲ ಸಾಲು ನೋಡಿ. ಕಲೆಕ್ಷನ್ ಎಂಬ ಟ್ಯಾಗಿನಲ್ಲಿ ‘ಎಕ್ಸ್‌ಎಂಎಲ್‌ಎನ್‌ಎಸ್’ ಎಂದು ಒಂದು ವಿಳಾಸ ಇರುತ್ತದೆ, ‘ಮಾರ್ಕ್21/ಸ್ಲಿಮ್’ ಎಂದು ಕೊನೆಯಾಗುವುದು. ಕೆಳಗಿನ ರೆಕಾರ್ಡ್, ಡೇಟಾಫೀಲ್ಡ್, ಸಬ್‌ಫೀಲ್ಡ್ ಯಾವುದಕ್ಕೂ ಸಾಮಾನ್ಯವಾಗಿ ಮುಂಚೂಣಿ ಅಕ್ಷರ, ಅಂದರೆ ಪ್ರಿಫಿಕ್ಸ್ ಇರುವುದಿಲ್ಲ. ಕಣ್ಣಿಗೆ ಅವು ಬರೀ ‘ಡೇಟಾಫೀಲ್ಡ್’. ಪ್ರೊಸೆಸರ್‌ಗೆ ಹಾಗಲ್ಲ, ಅದರ ಪಾಲಿಗೆ ಆ ವಿಳಾಸವೂ ಹೆಸರಿನ ಭಾಗ. ಎಕ್ಸ್‌ಪಾತ್‌ನಲ್ಲಿ (ಫೈಲಿನೊಳಗೆ ಎಲಿಮೆಂಟ್ ಹುಡುಕಲು ಬರೆಯುವ ದಾರಿ) ಪ್ರಿಫಿಕ್ಸ್ ಇಲ್ಲದೆ ‘ಡೇಟಾಫೀಲ್ಡ್’ ಎಂದು ಬರೆದರೆ 1.0ದಲ್ಲಿ ಅದರ ಅರ್ಥ ‘ಯಾವ ನೇಮ್‌ಸ್ಪೇಸೂ ಇಲ್ಲದ ಡೇಟಾಫೀಲ್ಡ್’. ಅಂಥದ್ದು ಫೈಲಿನಲ್ಲಿ ಒಂದೂ ಇಲ್ಲ.

ಸ್ಟೈಲ್‌ಶೀಟಿನ ತಲೆಯಲ್ಲಿ ಅದೇ ವಿಳಾಸವನ್ನು ಪ್ರಿಫಿಕ್ಸ್ ಇಲ್ಲದೆ ಘೋಷಿಸಿದರೆ ಸಾಕಲ್ವಾ ಅಂತ ಅನಿಸುವುದು ಸಹಜ. ಸಾಕಾಗುವುದಿಲ್ಲ. ಆ ಘೋಷಣೆ ನೀವು ಬರೆಯುವ ಔಟ್‌ಪುಟ್ ಟ್ಯಾಗ್‌ಗಳಿಗೆ ಹತ್ತುತ್ತದೆ, ಎಕ್ಸ್‌ಪಾತ್‌ಗೆ ಹತ್ತುವುದಿಲ್ಲ. ‘ಮಾರ್ಕ್’ ಎಂದು ಒಂದು ಪ್ರಿಫಿಕ್ಸ್ ಕಟ್ಟಿ, ಎಲ್ಲ ಕಡೆ ‘ಮಾರ್ಕ್:ಡೇಟಾಫೀಲ್ಡ್’ ಎಂದೇ ಬರೆಯಿರಿ. 2.0 ಅಥವಾ ಅದಕ್ಕಿಂತ ಮುಂದಿನ ಆವೃತ್ತಿಯಾದರೆ ‘ಎಕ್ಸ್‌ಪಾತ್-ಡೀಫಾಲ್ಟ್-ನೇಮ್‌ಸ್ಪೇಸ್’ ಎಂಬ ಆಟ್ರಿಬ್ಯೂಟ್ ಇದೆ, ಅದೂ ಆಗುತ್ತದೆ.

ಪ್ರಿಫಿಕ್ಸ್ ಇದ್ದೂ ಹೊಂದದಿದ್ದರೆ ವಿಳಾಸವನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. ನೇಮ್‌ಸ್ಪೇಸ್ ನೋಡಲು ವೆಬ್ ವಿಳಾಸದ ಹಾಗಿದ್ದರೂ ಪ್ರೊಸೆಸರ್ ಅದನ್ನು ಬರೀ ಅಕ್ಷರಗಳ ಸಾಲು ಎಂದೇ ನೋಡುತ್ತದೆ. ಡಬ್ಲಿನ್ ಕೋರ್‌ನ ಹದಿನೈದು ಎಲಿಮೆಂಟ್‌ಗಳ ವಿಳಾಸ ‘1.1’ ಆದಮೇಲೆ ಓರೆಗೆರೆಯಿಂದ ಮುಗಿಯುತ್ತದೆ. ಮಾರ್ಕ್ ಸ್ಲಿಮ್ ವಿಳಾಸದ ಕೊನೆಯಲ್ಲಿ ಓರೆಗೆರೆ ಇಲ್ಲ. ಒಂದು ಗೆರೆ ಜಾಸ್ತಿಯಾದರೂ ಕಡಿಮೆಯಾದರೂ ಅದು ಬೇರೆ ನೇಮ್‌ಸ್ಪೇಸ್. ಈಚೆಗೆ ಜಾಸ್ತಿ ಕಾಣುವ ತೊಂದರೆ ಇನ್ನೊಂದಿದೆ. ಭದ್ರತೆಯ ಹೆಸರಲ್ಲಿ ಯಾರೋ ಸರ್ವರ್ ಮೇಲಿನ ಎಲ್ಲ ಫೈಲುಗಳಲ್ಲಿ ‘ಎಚ್‌ಟಿಟಿಪಿ’ ಹುಡುಕಿ ‘ಎಚ್‌ಟಿಟಿಪಿಎಸ್’ ಎಂದು ಬದಲಿಸಿರುತ್ತಾರೆ. ವೆಬ್ ಲಿಂಕುಗಳಿಗೆ ಒಳ್ಳೆಯದೇ, ನೇಮ್‌ಸ್ಪೇಸಿಗೆ ಮಾತ್ರ ಕೊಡಲಿ ಪೆಟ್ಟು.

ಇನ್‌ಪುಟ್‌ನಲ್ಲಿ ನಿಜಕ್ಕೂ ಯಾವ ವಿಳಾಸ ಇದೆ ಎಂದು ತಿಳಿಯಲು ಕಣ್ಣನ್ನು ನಂಬಬೇಡಿ. ಎಕ್ಸ್‌ಎಂಎಲ್‌ಲಿಂಟ್‌ಗೆ ಎಕ್ಸ್‌ಪಾತ್ ಕೊಟ್ಟು ಮೂಲ ಎಲಿಮೆಂಟಿನ ‘ನೇಮ್‌ಸ್ಪೇಸ್-ಯುಆರ್‌ಐ’ ಫಂಕ್ಷನ್ ಕೇಳಿ. ಅದು ಹೇಳಿದ್ದನ್ನೇ ಸ್ಟೈಲ್‌ಶೀಟಿಗೆ ಅಂಟಿಸಿ.

‘ಲೋಕಲ್-ನೇಮ್’ ಬಳಸಿ ನೇಮ್‌ಸ್ಪೇಸನ್ನೇ ಬದಿಗಿಟ್ಟರೆ ಹೇಗೆ? ಕಾರಣ ಪತ್ತೆ ಹಚ್ಚಲು ಒಂದು ಸಲ ಹಾಗೆ ಮಾಡಿ ನೋಡಬಹುದು. ಅದನ್ನೇ ಪರಿಹಾರ ಅಂತ ಉಳಿಸಿಕೊಂಡರೆ ಮುಂದೆ ಅನುಭವಿಸಬೇಕಾಗುತ್ತದೆ. ಓಎಐ ಲಕೋಟೆಯಲ್ಲಿ ಹೊರಗಿನ ಎಲಿಮೆಂಟಿನ ಹೆಸರು ‘ರೆಕಾರ್ಡ್’, ಅದರೊಳಗಿನ ಮಾರ್ಕ್‌ಎಕ್ಸ್‌ಎಂಎಲ್ ಎಲಿಮೆಂಟಿನ ಹೆಸರೂ ‘ರೆಕಾರ್ಡ್’. ‘ಐಡೆಂಟಿಫೈಯರ್’ ಕೂಡ ಹಾಗೇ, ಓಎಐ ಹೆಡರ್‌ನಲ್ಲಿ ಒಂದು, ಡಬ್ಲಿನ್ ಕೋರ್‌ನಲ್ಲಿ ಇನ್ನೊಂದು. ನೇಮ್‌ಸ್ಪೇಸ್ ತೆಗೆದ ಮೇಲೆ ಇವನ್ನು ಬೇರೆ ಮಾಡಲು ಏನೂ ಉಳಿಯುವುದಿಲ್ಲ.

ಇದರ ತಮ್ಮನಂಥ ದೋಷ ಒಂದಿದೆ. ಔಟ್‌ಪುಟ್‌ನಲ್ಲಿ ಟ್ಯಾಗ್ ಬಂದಿವೆ, ಆದರೆ ಕೆಲವು ಟ್ಯಾಗಿನಲ್ಲಿ ‘ಎಕ್ಸ್‌ಎಂಎಲ್‌ಎನ್‌ಎಸ್’ ಎಂದಿದ್ದು ಉದ್ಧರಣ ಚಿಹ್ನೆಗಳ ನಡುವೆ ಏನೂ ಇಲ್ಲ. ಹೊರಗಿನ ಎಲಿಮೆಂಟ್ ಮಾಡ್ಸ್ ನೇಮ್‌ಸ್ಪೇಸಿನಲ್ಲಿ ಹುಟ್ಟಿದೆ, ಒಳಗಿನದು ಬೇರೆ ಟೆಂಪ್ಲೇಟಿನಲ್ಲಿ ನೇಮ್‌ಸ್ಪೇಸ್ ಇಲ್ಲದೆ ಹುಟ್ಟಿದೆ ಎಂದು ಅರ್ಥ. ಘೋಷಣೆಯನ್ನು ಮೇಲಿನ ಟ್ಯಾಗಿನಲ್ಲಿ ಇಡದೆ ಸ್ಟೈಲ್‌ಶೀಟಿನ ಮೂಲ ಎಲಿಮೆಂಟಿಗೆ ತಂದರೆ ಎಲ್ಲ ಟೆಂಪ್ಲೇಟಿಗೂ ಹತ್ತುತ್ತದೆ.

ಮೊದಲ ಲೇಖಕ ಮಾತ್ರ ಬಂದ, ಉಳಿದವರು ಎಲ್ಲಿ?

‘ವ್ಯಾಲ್ಯೂ-ಆಫ್’ ಇರುವ ಸಾಲು ಹುಡುಕಿ. 1.0ದಲ್ಲಿ ಅದಕ್ಕೆ ಹತ್ತು ಎಲಿಮೆಂಟ್ ಕೊಟ್ಟರೂ ಮೊದಲನೆಯದನ್ನು ಮಾತ್ರ ಬರೆದು ಉಳಿದದ್ದನ್ನು ಬಿಡುತ್ತದೆ. ಮಾರ್ಕ್‌ನ 650ನೇ ಫೀಲ್ಡಿನ ವಿಷಯ ಶೀರ್ಷಿಕೆಗಳು, 700ರ ಸಹಲೇಖಕರು ಕಾಣೆಯಾಗುವುದು ಜಾಸ್ತಿ ಇಲ್ಲೇ. ‘ಫಾರ್-ಈಚ್’ ಅಥವಾ ‘ಅಪ್ಲೈ-ಟೆಂಪ್ಲೇಟ್ಸ್’ ಹಾಕಿ, ಒಂದೊಂದು ಫೀಲ್ಡಿಗೆ ಒಂದೊಂದು ಎಲಿಮೆಂಟ್ ಹುಟ್ಟುವ ಹಾಗೆ ಬರೆಯಿರಿ.

2.0ದಲ್ಲಿ ಇದೇ ‘ವ್ಯಾಲ್ಯೂ-ಆಫ್’ ಎಲ್ಲವನ್ನೂ ನಡುವೆ ಒಂದು ಜಾಗ ಬಿಟ್ಟು ಬರೆಯುತ್ತದೆ. ‘ಸೆಪರೇಟರ್’ ಕೊಟ್ಟರೆ ಅರ್ಧವಿರಾಮ ಹಾಕಿಯೂ ಬರೆಯುತ್ತದೆ. ಈಗ ತಮಾಷೆ ನೋಡಿ. 2.0 ಎಂದು ಬರೆದ ಸ್ಟೈಲ್‌ಶೀಟನ್ನು 1.0 ಪ್ರೊಸೆಸರ್‌ಗೆ ಕೊಟ್ಟರೆ ಅದು ‘ಮುಂದಿನ ಆವೃತ್ತಿ ಇರಬೇಕು’ ಎಂದುಕೊಂಡು ಹೊಂದಾಣಿಕೆಯ ಸ್ಥಿತಿಗೆ ಹೋಗುತ್ತದೆ. ಗೊತ್ತಿಲ್ಲದ ಆಟ್ರಿಬ್ಯೂಟನ್ನು ಕಡೆಗಣಿಸುತ್ತದೆ. ‘ಸೆಪರೇಟರ್’ ಹೀಗೆ ಸದ್ದಿಲ್ಲದೆ ಬಿದ್ದುಹೋಗಿ, ಮತ್ತೆ ಮೊದಲ ಲೇಖಕ ಮಾತ್ರ ಉಳಿಯುತ್ತಾನೆ. ಫಂಕ್ಷನ್‌ಗಳ ವಿಷಯದಲ್ಲಿ ಪ್ರೊಸೆಸರ್ ಇಷ್ಟು ಉದಾರಿ ಅಲ್ಲ. ‘ಟೋಕನೈಸ್’ ಅಥವಾ ‘ರಿಪ್ಲೇಸ್’ ಬಳಸಿದ್ದರೆ ಆ ಫಂಕ್ಷನ್ ಸಿಗಲಿಲ್ಲ ಎಂದು ನೇರವಾಗಿ ಹೇಳುತ್ತದೆ. ಎರರ್ ಬಂದರೆ ಸಂತೋಷಪಡಬೇಕಾದ ಜಾಗ ಇದು.

ತಿರುಗುಮುರುಗಾಗಿಯೂ ಆಗುತ್ತದೆ. ಹಳೆಯ 1.0 ಫೈಲಿನ ಆವೃತ್ತಿಯನ್ನು 2.0 ಎಂದು ಬದಲಿಸಿ ಸ್ಯಾಕ್ಸನ್‌ನಲ್ಲಿ ಓಡಿಸಿದ ಕೂಡಲೇ ‘ನಾರ್ಮಲೈಸ್-ಸ್ಪೇಸ್’ ಇರುವ ಸಾಲಿನಲ್ಲಿ ಎರರ್ ಬೀಳುತ್ತದೆ. ಒಂದಕ್ಕಿಂತ ಹೆಚ್ಚು ಐಟಂ ಕೊಡುವ ಹಾಗಿಲ್ಲ ಎನ್ನುತ್ತದೆ. ಬಹಳ ಜನ ಅಲ್ಲಿ ‘[1]’ ಸೇರಿಸಿ ಎರರ್ ಅಡಗಿಸುತ್ತಾರೆ. ದಯವಿಟ್ಟು ಹಾಗೆ ಮಾಡುವ ಮೊದಲು ಒಂದು ಕ್ಷಣ ನಿಲ್ಲಿ. ಆ ಸಾಲಿನಲ್ಲಿ ಇಷ್ಟು ವರ್ಷ ಎರಡನೆಯ, ಮೂರನೆಯ ಮೌಲ್ಯಗಳು ಕಳೆದುಹೋಗುತ್ತಿದ್ದವು ಎಂದು ಪ್ರೊಸೆಸರ್ ಈಗ ಹೇಳುತ್ತಿದೆ.

ಎಲ್ಲ ರೆಕಾರ್ಡಿಗೂ ಒಂದೇ ಶೀರ್ಷಿಕೆ

ಒಂದು ರೆಕಾರ್ಡ್ ಇಟ್ಟುಕೊಂಡು ಪರೀಕ್ಷೆ ಮಾಡುವ ವಿಧಾನಕ್ಕೆ ಸಿಗದ ದೋಷ ಇದು. ಎಕ್ಸ್‌ಪಾತ್ ‘//’ ಅಥವಾ ‘/’ನಿಂದ ಶುರುವಾದರೆ ಅದು ಈಗಿನ ರೆಕಾರ್ಡಿನಿಂದ ಹುಡುಕುವುದಿಲ್ಲ, ಫೈಲಿನ ತುದಿಯಿಂದ ಹುಡುಕುತ್ತದೆ. ಫೈಲಿನಲ್ಲಿ ಒಂದೇ ರೆಕಾರ್ಡ್ ಇದ್ದಾಗ ಫರಕು ಗೊತ್ತಾಗದು. ಐನೂರು ರೆಕಾರ್ಡಿನ ಫೈಲ್ ಕೊಟ್ಟಾಗ 1.0ದಲ್ಲಿ ಐನೂರಕ್ಕೂ ಮೊದಲನೆಯದರ ಶೀರ್ಷಿಕೆ ಬರುತ್ತದೆ. ಮುಂದೆ ಒಂದು ಚುಕ್ಕಿ ಹಾಕಿ ‘.//’ ಎಂದು ಬರೆದರೆ ಸರಿಹೋಗುತ್ತದೆ. ಪೂರ್ತಿ ದಾರಿ ಬರೆದರೆ ಇನ್ನೂ ಒಳ್ಳೆಯದು. ಹಾಗಾಗಿ ಒಂದರ ಪರೀಕ್ಷೆ ಮುಗಿದ ಮೇಲೆ, ಎರಡು ಬೇರೆ ಬೇರೆ ರೆಕಾರ್ಡ್ ಇರುವ ಫೈಲಿನಲ್ಲೂ ಒಮ್ಮೆ ಓಡಿಸಿ.

ಕೆಲವು ರೆಕಾರ್ಡಿನಲ್ಲಿ ಮಾತ್ರ ಟ್ಯಾಗ್ ಖಾಲಿ

ಇಲ್ಲಿ ಮೊದಲೇ ಇಳಿಸಿಟ್ಟ ಎರಡು ಫೈಲು ಕೆಲಸಕ್ಕೆ ಬರುತ್ತವೆ. ಪಕ್ಕ ಪಕ್ಕ ಇಟ್ಟು ರಚನೆ ಹೋಲಿಸಿ.

ಡಿಸ್ಪೇಸ್‌ನ ಓಎಐ ಭಾಗದಲ್ಲಿ ಇದು ಆಗುವ ರೀತಿ ನೋಡಿ. ಅದು ಪ್ರತಿ ಐಟಂ ಅನ್ನು ಮೊದಲು ತನ್ನ ಒಳಗಿನ ‘ಎಕ್ಸ್‌ಓಎಐ’ ರೂಪದಲ್ಲಿ ಇಡುತ್ತದೆ. ಕ್ರಾಸ್‌ವಾಕ್ (ಒಂದು ರೂಪದಿಂದ ಇನ್ನೊಂದಕ್ಕೆ ದಾಟಿಸುವ) ಸ್ಟೈಲ್‌ಶೀಟ್‌ಗಳೆಲ್ಲ ಓದುವುದು ಇದನ್ನೇ. ಅಲ್ಲಿ ಎಲ್ಲವೂ ‘ಎಲಿಮೆಂಟ್’ ಎಂಬ ಒಂದೇ ಹೆಸರಿನ ಟ್ಯಾಗ್, ನಿಜವಾದ ಹೆಸರು ‘ನೇಮ್’ ಆಟ್ರಿಬ್ಯೂಟಿನಲ್ಲಿ. ಶೀರ್ಷಿಕೆಯಾದರೆ ಮೊದಲು ‘ಡಿಸಿ’, ಅದರೊಳಗೆ ‘ಟೈಟಲ್’, ಅದರೊಳಗೆ ಭಾಷೆಯ ಒಂದು ಮಟ್ಟ, ಕೊನೆಗೆ ಮೌಲ್ಯ ಹೊತ್ತ ‘ಫೀಲ್ಡ್’. ಲೇಖಕನಾದರೆ ‘ಕಾಂಟ್ರಿಬ್ಯೂಟರ್’ ಒಳಗೆ ‘ಆಥರ್’ ಎಂದು ಒಂದು ಮಟ್ಟ ಜಾಸ್ತಿ. ಟೈಟಲ್‌ಗೆ ಬರೆದ ದಾರಿಯನ್ನು ಕಾಪಿ ಮಾಡಿ ಹೆಸರು ಬದಲಿಸಿದರೆ ಲೇಖಕ ಸಿಗುವುದಿಲ್ಲ.

ಭಾಷೆಯ ಮಟ್ಟ ಇನ್ನೂ ಚಾಲಾಕಿ. ಐಟಂ ಹಾಕುವಾಗ ಭಾಷೆ ಆರಿಸದಿದ್ದರೆ ಅಲ್ಲಿ ‘ನನ್’ (ಯಾವುದೂ ಇಲ್ಲ) ಎಂದಿರುತ್ತದೆ. ಆರಿಸಿದ್ದರೆ ಆ ಭಾಷೆಯ ಸಂಕೇತ. ಸ್ಟೈಲ್‌ಶೀಟ್ ಬರೆದವರು ತಮ್ಮ ಮುಂದಿದ್ದ ಒಂದು ಐಟಂ ನೋಡಿ ‘ನನ್’ ಎಂದು ಗಟ್ಟಿಯಾಗಿ ಬರೆದುಬಿಟ್ಟಿದ್ದರೆ, ಭಾಷೆ ಆರಿಸಿ ಹಾಕಿದ ಐಟಂಗಳೆಲ್ಲ ಖಾಲಿ ಬರುತ್ತವೆ. ಅಂದರೆ ಮೆಟಾಡೇಟಾವನ್ನು ಅಚ್ಚುಕಟ್ಟಾಗಿ ತುಂಬಿದವರಿಗೇ ಶಿಕ್ಷೆ. ಆ ಮಟ್ಟದಲ್ಲಿ ಹೆಸರಿನ ಷರತ್ತು ತೆಗೆದು ಬರೀ ‘ಎಲಿಮೆಂಟ್’ ಎಂದು ಬಿಡಿ.

ಹೀಗೆ ಸದ್ದಿಲ್ಲದೆ ಬಿಟ್ಟುಹೋಗುವುದನ್ನು ಕೂಗಿ ಹೇಳಿಸಲು ಒಂದು ಉಪಾಯ ಇದೆ. ನಕ್ಷತ್ರ ಚಿಹ್ನೆಗೆ, ಅಂದರೆ ಯಾವ ಎಲಿಮೆಂಟಿಗಾದರೂ ಹೊಂದುವ ಒಂದು ಟೆಂಪ್ಲೇಟ್ ಬರೆಯಿರಿ. ಅದರಲ್ಲಿ ‘ಎಕ್ಸ್‌ಎಸ್‌ಎಲ್:ಮೆಸೇಜ್’ ಹಾಕಿ ಎಲಿಮೆಂಟಿನ ಹೆಸರು ಮತ್ತು ನೇಮ್‌ಸ್ಪೇಸ್ ಬರೆಸಿ. ನಕ್ಷತ್ರದ ಆದ್ಯತೆ -0.5, ಹೆಸರು ಹಿಡಿದು ಬರೆದದ್ದರ ಆದ್ಯತೆ 0. ಹಾಗಾಗಿ ನಿಮ್ಮ ನಿಜವಾದ ಟೆಂಪ್ಲೇಟಿಗೆ ಇದು ಅಡ್ಡ ಬರುವುದಿಲ್ಲ, ಯಾರೂ ಹಿಡಿಯದದ್ದನ್ನು ಮಾತ್ರ ಹಿಡಿಯುತ್ತದೆ. ಮೋಡ್ ಬಳಸುತ್ತಿದ್ದರೆ ಒಂದೊಂದು ಮೋಡಿಗೂ ಇಂಥದ್ದೊಂದು ಬೇಕು. 3.0 ಇದ್ದವರಿಗೆ ಇದೂ ಬೇಡ. ‘ಎಕ್ಸ್‌ಎಸ್‌ಎಲ್:ಮೋಡ್’ನಲ್ಲಿ ‘ಆನ್-ನೋ-ಮ್ಯಾಚ್’ಗೆ ‘ಫೇಲ್’ ಎಂದು ಕೊಟ್ಟರೆ ಹೊಂದದ ಮೊದಲ ಎಲಿಮೆಂಟಿಗೇ ಓಟ ನಿಲ್ಲುತ್ತದೆ. ಪರೀಕ್ಷೆಯ ಹೊತ್ತಿಗೆ ಇಟ್ಟುಕೊಳ್ಳಿ, ನಡೆಯುವ ಸರ್ವರ್‌ನಲ್ಲಿ ಬೇಡ.

ಆದ್ಯತೆಯ ಮಾತು ಬಂದಾಗ ಇನ್ನೊಂದು. ಒಂದೇ ಎಲಿಮೆಂಟಿಗೆ ಸಮಾನ ಆದ್ಯತೆಯ ಎರಡು ಟೆಂಪ್ಲೇಟ್ ಹೊಂದಿದರೆ ಹೆಚ್ಚಿನ ಪ್ರೊಸೆಸರ್‌ಗಳು ಫೈಲಿನಲ್ಲಿ ಕೊನೆಗೆ ಬಂದದ್ದನ್ನು ಆರಿಸುತ್ತವೆ. ಟೆಂಪ್ಲೇಟ್‌ಗಳ ಕ್ರಮ ಬದಲಿಸಿದರೆ ಔಟ್‌ಪುಟ್ ಬದಲಾಗುತ್ತಿದೆ ಎಂದರೆ ಇದೇ ವಿಷಯ. ‘ಪ್ರಯಾರಿಟಿ’ ಕೊಟ್ಟು ಮುಗಿಸಿ.

ವರ್ಷ ಸರಿ, ಭಾಷೆ ತಪ್ಪು

ಮಾರ್ಕ್‌ನ 008ನೇ ಫೀಲ್ಡ್ ನಲವತ್ತು ಅಕ್ಷರಗಳ ಒಂದೇ ಪಟ್ಟಿ. ಪುಸ್ತಕದ ದಾಖಲೆಯಾದರೆ 07ರಿಂದ 10ರವರೆಗೆ ಪ್ರಕಟಣೆಯ ವರ್ಷ, 35ರಿಂದ 37ರವರೆಗೆ ಭಾಷೆ. ಮಾರ್ಕ್ ಸೊನ್ನೆಯಿಂದ ಎಣಿಸುತ್ತದೆ, ಎಕ್ಸ್‌ಪಾತ್‌ನ ‘ಸಬ್‌ಸ್ಟ್ರಿಂಗ್’ ಒಂದರಿಂದ. ಆದ್ದರಿಂದ ವರ್ಷಕ್ಕೆ 8ರಿಂದ ನಾಲ್ಕು ಅಕ್ಷರ, ಭಾಷೆಗೆ 36ರಿಂದ ಮೂರು. ದಾಖಲೆಯ ತಲೆಯಲ್ಲಿರುವ ಲೀಡರ್‌ನ 06ನೇ ಸ್ಥಾನ ಬೇಕಿದ್ದರೆ 7 ಎಂದು ಬರೆಯಬೇಕು. ವರ್ಷದ ಜಾಗದಲ್ಲಿ ಒಂದು ಇಂಗ್ಲಿಷ್ ಅಕ್ಷರ ಮತ್ತು ಮೂರು ಅಂಕಿ ಬರುತ್ತಿದ್ದರೆ, ಅದು 06ನೇ ಸ್ಥಾನದ ದಿನಾಂಕ ಬಗೆಯ ಸಂಕೇತ. ಒಂದು ಸ್ಥಾನ ಹಿಂದೆ ಬಿದ್ದಿದ್ದೀರಿ ಅಷ್ಟೆ.

ವರ್ಷ ಸರಿಯಾಗಿ ಬಂದು ಭಾಷೆ ಮಾತ್ರ ಹಾಳಾಗಿದ್ದರೆ ವಿಷಯ ಬೇರೆ. ವರ್ಷದ ಮುಂಚೆ ಇರುವ ಏಳು ಸ್ಥಾನ ಸಾಮಾನ್ಯವಾಗಿ ತುಂಬಿರುತ್ತವೆ. ವರ್ಷದ ನಂತರ, 11ರಿಂದ 14ರವರೆಗೆ, ಎರಡನೆಯ ದಿನಾಂಕದ ಜಾಗ. ಒಂದೇ ವರ್ಷ ಇರುವ ಪುಸ್ತಕದಲ್ಲಿ ಅದು ನಾಲ್ಕು ಖಾಲಿ ಜಾಗ. ದಾರಿಯಲ್ಲಿ ಯಾರಾದರೂ ‘ನಾರ್ಮಲೈಸ್-ಸ್ಪೇಸ್’ ಹಚ್ಚಿದ್ದರೆ, ಅಥವಾ ಎಕ್ಸ್‌ಎಂಎಲ್ ಅನ್ನು ಚಂದ ಮಾಡುವ ಟೂಲ್ ಜಾಗಗಳನ್ನು ಕುಗ್ಗಿಸಿದ್ದರೆ, ಆ ನಾಲ್ಕು ಒಂದಾಗುತ್ತದೆ. ಆಮೇಲಿನದೆಲ್ಲ ಎಡಕ್ಕೆ ಜರುಗುತ್ತದೆ. ‘ಸ್ಟ್ರಿಂಗ್-ಲೆಂಗ್ತ್’ ಕೇಳಿ, ನಲವತ್ತು ಬರದಿದ್ದರೆ ಸ್ಟೈಲ್‌ಶೀಟ್ ಬಿಟ್ಟು ಇನ್‌ಪುಟ್ ಬಂದ ದಾರಿ ಹಿಡಿಯಿರಿ. ಕುಗ್ಗಿದ ಮೇಲೆ ಎಷ್ಟು ಜಾಗ ಇತ್ತು ಎಂದು ಊಹಿಸಿ ಸರಿಪಡಿಸಲು ಹೋಗಬೇಡಿ, ಮೂಲದಿಂದ ಮತ್ತೆ ರಫ್ತು ಮಾಡಿ.

ಶೀರ್ಷಿಕೆಯ ಕೊನೆಯಲ್ಲಿ ಒಂಟಿ ಓರೆಗೆರೆಯೋ ಕೋಲನ್ನೋ ನೇತಾಡುತ್ತಿದ್ದರೆ ಅದು ದೋಷವಲ್ಲ. ಕ್ಯಾಟಲಾಗ್ ನಿಯಮದ ಪ್ರಕಾರ 245ರಲ್ಲಿ ಹಾಕಿದ ವಿರಾಮಚಿಹ್ನೆ. ಲೈಬ್ರರಿ ಆಫ್ ಕಾಂಗ್ರೆಸ್ ಕೊಡುವ ಸ್ಟೈಲ್‌ಶೀಟ್‌ಗಳ ಜೊತೆಗಿನ ಉಪಯುಕ್ತ ಫೈಲಿನಲ್ಲಿ ಇದನ್ನು ಕತ್ತರಿಸುವ ಟೆಂಪ್ಲೇಟ್ ಇದೆ.

ರೋಮನ್ ಲಿಪಿಯ ಶೀರ್ಷಿಕೆ ಬಂದು, ಕನ್ನಡದಲ್ಲೇ ತುಂಬಿದ್ದ ಮೂಲ ಶೀರ್ಷಿಕೆ ಕಾಣೆಯಾದರೆ 880 ನೋಡಿ. ಮಾರ್ಕ್‌ನಲ್ಲಿ ಮೂಲ ಲಿಪಿಯ ರೂಪ ಅಲ್ಲಿ ಕೂರುತ್ತದೆ. 245ರ ಸಬ್‌ಫೀಲ್ಡ್ 6ರಲ್ಲಿ ‘880-01’ ಎಂದಿದ್ದರೆ, ಜೊತೆಗಾರ 880ರ ಸಬ್‌ಫೀಲ್ಡ್ 6 ‘245-01’ ಎಂದು ಶುರುವಾಗುತ್ತದೆ. ಸ್ಟೈಲ್‌ಶೀಟ್ 245 ಒಂದನ್ನೇ ಓದುತ್ತಿದ್ದರೆ ಈ ಜೋಡಿ ಸಿಗುವುದೇ ಇಲ್ಲ. ಸಂಖ್ಯೆ ಹೊಂದಿಸಿ ಎರಡನ್ನೂ ಹೊರಗೆ ತನ್ನಿ. ಸಂಖ್ಯೆ ‘00’ ಇದ್ದರೆ ಅದಕ್ಕೆ ಜೊತೆಗಾರ ಇಲ್ಲ ಎಂದರ್ಥ, ಅಂಥದ್ದನ್ನು ಬೇರೆಯಾಗಿ ಹಿಡಿಯಬೇಕು.

ಅಕ್ಷರಗಳ ಕಿರಿಕಿರಿ

ಕನ್ನಡದ ಬದಲು ಓರೆಗೆರೆ ಹೊತ್ತ ಇಂಗ್ಲಿಷ್ ‘ಎ’, ಅದರ ಪಕ್ಕ ಪುಟ್ಟ 2 ಅಥವಾ ಪುಟ್ಟ 3 ಮತ್ತೆ ಮತ್ತೆ ಬರುತ್ತಿದೆಯಾ? ಯುಟಿಎಫ್-8 ಪಠ್ಯವನ್ನು ಯಾರೋ ಲ್ಯಾಟಿನ್-1 ಎಂದು ಓದಿ, ಮತ್ತೆ ಯುಟಿಎಫ್-8 ಮಾಡಿ ಬರೆದಿದ್ದಾರೆ. ಕನ್ನಡದ ಪ್ರತಿ ಯುನಿಕೋಡ್ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್, ಮೊದಲೆರಡು ಯಾವಾಗಲೂ ಆ ಜೋಡಿಯೇ. ಎಕ್ಸ್‌ಎಂಎಲ್ ಘೋಷಣೆಯಲ್ಲಿ ಹೇಳಿದ ಎನ್‌ಕೋಡಿಂಗ್ ಮತ್ತು ಫೈಲಿನ ನಿಜವಾದ ಎನ್‌ಕೋಡಿಂಗ್ ಒಂದೇನಾ ನೋಡಿ. ಮಾರ್ಕ್‌ನಿಂದ ಬಂದದ್ದಾದರೆ ಲೀಡರ್‌ನ 09ನೇ ಸ್ಥಾನ ಕೂಡ ನೋಡಿ. ಅಲ್ಲಿ ಇಂಗ್ಲಿಷ್ ‘ಎ’ ಇದ್ದರೆ ಯುನಿಕೋಡ್, ಖಾಲಿ ಇದ್ದರೆ ಮಾರ್ಕ್‌ನ ಹಳೆಯ ಎನ್‌ಕೋಡಿಂಗ್ ಆದ ಮಾರ್ಕ್-8. ಯುನಿಕೋಡ್ ದಾಖಲೆಗೆ ಖಾಲಿ ಎಂದು ಗುರುತು ಬಿದ್ದಿದ್ದರೆ ಪರಿವರ್ತಕ ಅದನ್ನು ಮತ್ತೊಮ್ಮೆ ಪರಿವರ್ತಿಸಲು ಹೋಗಿ ಕೆಡಿಸುತ್ತದೆ.

ಕಣ್ಣಿಗೆ ಎರಡೂ ಒಂದೇ ಶಬ್ದ, ಹೋಲಿಕೆ ಮಾಡಿದರೆ ಬೇರೆ ಎನ್ನುತ್ತಿದೆ ಎಂದರೆ ಯುನಿಕೋಡ್ ರೂಪಗಳನ್ನು ಅನುಮಾನಿಸಿ. ‘ೋ’ ಎಂಬ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡು ತುಂಡಾಗಿ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣದು. 2.0ದ ‘ನಾರ್ಮಲೈಸ್-ಯುನಿಕೋಡ್’ ಎರಡನ್ನೂ ಒಂದು ರೂಪಕ್ಕೆ ತರುತ್ತದೆ. 1.0ದಲ್ಲಿ ಆ ಫಂಕ್ಷನ್ ಇಲ್ಲ, ಪರಿವರ್ತನೆಗೆ ಮೊದಲೇ ಬೇರೆ ಟೂಲ್‌ನಿಂದ ಮಾಡಿಕೊಳ್ಳಬೇಕು.

ಇನ್ನು ಓಟವನ್ನೇ ನಿಲ್ಲಿಸುವವು. ಪ್ರೊಲಾಗ್‌ನಲ್ಲಿ ಕಂಟೆಂಟ್ ಇರುವಂತಿಲ್ಲ ಎಂದು ಜಾವಾ ಪಾರ್ಸರ್ ಹೇಳಿದರೆ, ಎಕ್ಸ್‌ಎಂಎಲ್ ಘೋಷಣೆಯ ಮುಂಚೆ ಏನೋ ಕೂತಿದೆ. ಸಾಮಾನ್ಯವಾಗಿ ಬೈಟ್ ಆರ್ಡರ್ ಮಾರ್ಕ್ (ಫೈಲಿನ ತಲೆಯಲ್ಲಿ ಕೂರುವ ಕಾಣದ ಗುರುತು) ಅಥವಾ ಬೇರೆ ಯಾವುದೋ ಅಕ್ಷರ, ಕೆಲವು ಸಲ ಎಕ್ಸ್‌ಎಂಎಲ್ ಬದಲು ಬಂದ ಎರರ್ ಸಂದೇಶ. ಅಮಾನ್ಯ ಎಕ್ಸ್‌ಎಂಎಲ್ ಅಕ್ಷರ ಎಂದು ಹೇಳಿ ‘0ಎಕ್ಸ್‌ಬಿ’ ಅಥವಾ ‘0ಎಕ್ಸ್‌ಸಿ’ ಎಂದು ತೋರಿಸಿದರೆ, ಪಿಡಿಎಫ್‌ನಿಂದ ಸಾರಾಂಶ ಕಾಪಿ ಮಾಡುವಾಗ ಅಂಟಿಕೊಂಡ ನಿಯಂತ್ರಣ ಅಕ್ಷರ. ಟ್ಯಾಬ್ ಮತ್ತು ಸಾಲು ಮುರಿಯುವ ಎರಡು ಅಕ್ಷರ ಬಿಟ್ಟರೆ 32ಕ್ಕಿಂತ ಕೆಳಗಿನ ಯಾವ ಸಂಕೇತಕ್ಕೂ ಎಕ್ಸ್‌ಎಂಎಲ್ 1.0ದಲ್ಲಿ ಜಾಗವಿಲ್ಲ. ಇಂಥ ಒಂದೇ ಒಂದು ಅಕ್ಷರ ಸಾಕು, ಹಾರ್ವೆಸ್ಟರ್ (ಓಎಐ ಮೂಲಕ ರೆಕಾರ್ಡ್ ಸಂಗ್ರಹಿಸುವ ಹೊರಗಿನ ತಂತ್ರಾಂಶ) ಆ ಇಡೀ ಪುಟವನ್ನು ಎಸೆಯುತ್ತದೆ. ಪುಟಕ್ಕೆ ನೂರು ರೆಕಾರ್ಡ್ ಇದ್ದರೆ ತೊಂಬತ್ತೊಂಬತ್ತು ನಿರಪರಾಧಿಗಳೂ ಹೋಗುತ್ತವೆ. ಮುಂದಿನ ಪುಟ ಕೇಳಲು ಬೇಕಾದ ರಿಸಂಪ್ಷನ್ ಟೋಕನ್ ಆ ಪುಟದಲ್ಲೇ ಇದ್ದದ್ದರಿಂದ ನಂತರದವೂ ಸಿಗುವುದಿಲ್ಲ. ಎಕ್ಸ್‌ಎಸ್‌ಎಲ್‌ಟಿಯಲ್ಲಿ ಇದನ್ನು ಶುಚಿ ಮಾಡಲು ಆಗದು, ಯಾಕೆಂದರೆ ಪಾರ್ಸರ್ ಸ್ಟೈಲ್‌ಶೀಟಿನವರೆಗೆ ಬಿಡುವುದೇ ಇಲ್ಲ. ಡೇಟಾಬೇಸಿನಲ್ಲೇ ತೆಗೆಯಬೇಕು.

ಆಂಪರ್ಸ್ಯಾಂಡ್ ಬದಲು ‘ಆಂಪ್’ ಎರಡು ಸಲ ಬರುತ್ತಿದ್ದರೆ ಮೂಲದಲ್ಲೇ ಎಸ್ಕೇಪ್ ಮಾಡಿದ್ದನ್ನು (ವಿಶೇಷ ಚಿಹ್ನೆಯನ್ನು ಸಂಕೇತವಾಗಿ ಬರೆದದ್ದನ್ನು) ಮತ್ತೆ ಎಸ್ಕೇಪ್ ಮಾಡಲಾಗಿದೆ. ‘ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್’ ಹಾಕಿ ಮುಚ್ಚಿಡಬೇಡಿ. ಮುಂದಿನ ಸಲ ನಿಜವಾದ ಆಂಪರ್ಸ್ಯಾಂಡ್ ಬಂದಾಗ ಎಕ್ಸ್‌ಎಂಎಲ್ ಒಡೆಯುತ್ತದೆ.

ಕೈಯಲ್ಲಿ ಸರಿ, ಸರ್ವರ್‌ನಲ್ಲಿ ತಪ್ಪು

ಸ್ಟೈಲ್‌ಶೀಟ್ ಬೇರೆ ಫೈಲನ್ನು ವೆಬ್ ವಿಳಾಸದಿಂದ ಸೇರಿಸಿಕೊಳ್ಳುತ್ತಿದೆಯಾ ನೋಡಿ. ಸರ್ವರ್‌ಗೆ ಹೊರಗಿನ ಸಂಪರ್ಕ ಇಲ್ಲದಿದ್ದರೆ ಅದು ಸಿಗುವುದಿಲ್ಲ. ಆ ವಿಳಾಸ ಎಚ್‌ಟಿಟಿಪಿಎಸ್‌ಗೆ ತಿರುಗಿಸಿದರೂ ಎಕ್ಸ್‌ಎಸ್‌ಎಲ್‌ಟಿಪ್ರಾಕ್‌ನ ಕೆಳಗಿರುವ ಲಿಬ್‌ಎಕ್ಸ್‌ಎಂಎಲ್2ಗೆ ಎಚ್‌ಟಿಟಿಪಿಎಸ್ ಬರುವುದಿಲ್ಲ. ಫೈಲನ್ನು ಇಳಿಸಿ ಪಕ್ಕದಲ್ಲೇ ಇಡಿ, ಆಮೇಲೆ ‘ನೋನೆಟ್’ ಆಯ್ಕೆ ಹಾಕಿ ಒಮ್ಮೆ ಓಡಿಸಿ. ಹೊರಗೆ ಕೈಚಾಚುವ ಸಾಲು ಇನ್ನೂ ಉಳಿದಿದ್ದರೆ ಸಿಕ್ಕಿಬೀಳುತ್ತದೆ.

ಸ್ಟೈಲ್‌ಶೀಟ್ ಬದಲಿಸಿದರೂ ಓಎಐನಲ್ಲಿ ಹಳೆಯದೇ ಬರುತ್ತಿದ್ದರೆ ಕ್ಯಾಶ್. ಡಿಸ್ಪೇಸ್‌ನಲ್ಲಿ ‘ಓಎಐ ಕ್ಲೀನ್-ಕ್ಯಾಶ್’ ಓಡಿಸಿ. ಅದರಿಂದ ಆಗದಿದ್ದರೆ ‘ಓಎಐ ಇಂಪೋರ್ಟ್’ಗೆ ‘-ಸಿ’ ಸೇರಿಸಿ ಇಂಡೆಕ್ಸ್ ಖಾಲಿ ಮಾಡಿ ಮತ್ತೆ ಕಟ್ಟಿಸಿ. ದೊಡ್ಡ ರೆಪೊಸಿಟರಿಯಾದರೆ ಇದಕ್ಕೆ ಸಮಯ ಹಿಡಿಯುತ್ತದೆ, ಹಗಲು ಹೊತ್ತಿನಲ್ಲಿ ಬೇಡ.

ಪಡೆದುಕೊಳ್ಳುವವರು ಸ್ಕೀಮಾ (ರಚನೆಯ ನಿಯಮಗಳ) ಪರೀಕ್ಷೆಯಲ್ಲಿ ತಿರಸ್ಕರಿಸುತ್ತಿದ್ದರೆ ಕ್ರಮ ನೋಡಿ. ಓಎಐ ಡಬ್ಲಿನ್ ಕೋರ್‌ನಲ್ಲಿ ಎಲಿಮೆಂಟ್‌ಗಳು ಯಾವ ಕ್ರಮದಲ್ಲಿ ಬಂದರೂ ನಡೆಯುತ್ತದೆ. ಮೆಟ್ಸ್ ಎಂಬ ಇನ್ನೊಂದು ರೂಪದಲ್ಲಿ ಹಾಗಿಲ್ಲ. ಹೆಡರ್, ವಿವರಣೆಯ ಭಾಗ, ಆಡಳಿತದ ಭಾಗ, ಫೈಲುಗಳು, ರಚನೆಯ ನಕ್ಷೆ ಇದೇ ಸಾಲಿನಲ್ಲಿ ಬರಬೇಕು.

ಇಷ್ಟೆಲ್ಲ ಸರಿಯಾಗಿ, ನಿಮ್ಮ ಓಎಐ ವಿಳಾಸದಲ್ಲಿ ಹೊಸ ರೂಪ ಕಣ್ಣಿಗೆ ಕಾಣುತ್ತಿದ್ದರೂ, ಸಂಗ್ರಹಿಸುವವರ ಕಡೆ ಹಳೆಯದೇ ಉಳಿದಿರಬಹುದು. ಹಾರ್ವೆಸ್ಟರ್ ಪ್ರತಿ ಸಲ ‘ಇಂಥ ದಿನಾಂಕದ ನಂತರ ಬದಲಾದದ್ದನ್ನು ಕೊಡು’ ಎಂದು ಕೇಳುತ್ತದೆ. ನೀವು ಬದಲಿಸಿದ್ದು ಸ್ಟೈಲ್‌ಶೀಟನ್ನು, ಐಟಂಗಳನ್ನಲ್ಲ. ಅವುಗಳ ಡೇಟ್‌ಸ್ಟ್ಯಾಂಪ್ ಹಳೆಯದೇ. ಹಾಗಾಗಿ ನಾಳೆ, ನಾಡಿದ್ದು ಎಷ್ಟು ಸಲ ಬಂದು ಹೋದರೂ ಆ ರೆಕಾರ್ಡ್‌ಗಳನ್ನು ಅದು ಮತ್ತೆ ಕೇಳುವುದಿಲ್ಲ. ಅವರಿಗೆ ಬರೆದು, ಮೊದಲಿನಿಂದ ಪೂರ್ತಿಯಾಗಿ ಮತ್ತೆ ಹಾರ್ವೆಸ್ಟ್ ಮಾಡಲು ಹೇಳಿ. ಬರೆಯುವಾಗ ಹಳೆಯ ರೆಕಾರ್ಡ್ ಒಂದರ ಓಎಐ ಐಡೆಂಟಿಫೈಯರ್ ಸೇರಿಸಿ, ಅದರಲ್ಲಿ ಯಾವ ಎಲಿಮೆಂಟ್ ಬದಲಾಗಿರಬೇಕು ಎಂದೂ ತಿಳಿಸಿ. ಅದೊಂದನ್ನು ನೋಡಿದರೆ ಅವರ ಕಡೆ ಕೆಲಸ ಆಯಿತೋ ಇಲ್ಲವೋ ಗೊತ್ತಾಗುತ್ತದೆ.